ರೆಸಿಡೆಂಟ್ ವೈದ್ಯರು ಮತ್ತು ಕುಟುಂಬ ವೈದ್ಯಶಾಸ್ತ್ರ ತರಬೇತಿ: ವಿಜಯಪುರ, ತಿಕೋಟಾ ಹಾಗೂ ಬಬಲೇಶ್ವರ ಭಾಗದ ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ಸರ್ಕಾರಿ ಆಸ್ಪತ್ರೆಗೆ ಚಿಕಿತ್ಸೆಗಾಗಿ ಬರುವ ಸಾರ್ವಜನಿಕರನ್ನು ಹಲವು ಸಂದರ್ಭಗಳಲ್ಲಿ ಮೊದಲು ಪರೀಕ್ಷಿಸುವವರು ರೆಸಿಡೆಂಟ್ ವೈದ್ಯರು. ವಯಸ್ಸಿನಲ್ಲಿ ಕಿರಿಯರಾದ ಇವರನ್ನು ಕಂಡಾಗ "ಇವರು ಕಲಿಯುವ ಡಾಕ್ಟರು, ದೊಡ್ಡ ಡಾಕ್ಟರನ್ನೇ ಕಾಣಬೇಕು" ಎಂಬ ಭಾವನೆ ಮೂಡುವುದು ಸಹಜ. ಇದೇ ಕಾರಣದಿಂದ ಹತ್ತಿರದ ಸರ್ಕಾರಿ ಆಸ್ಪತ್ರೆಯನ್ನು ಬಿಟ್ಟು, ಸಣ್ಣ ತೊಂದರೆಗೂ ವಿಜಯಪುರ ನಗರಕ್ಕೆ, ಅಲ್ಲಿಂದ ಸೊಲ್ಲಾಪುರ, ಮಿರಜ್‌ಗಳಿಗೆ ಹೋಗುವವರೂ ಇದ್ದಾರೆ.

ರೆಸಿಡೆಂಟ್ ವೈದ್ಯರು ಯಾರು, ಅವರಿಗೆ ಯಾವ ಅಧಿಕಾರವಿದೆ, ಕುಟುಂಬ ವೈದ್ಯಶಾಸ್ತ್ರವೆಂಬ ತರಬೇತಿಯ ಉದ್ದೇಶವೇನು, ಈ ವ್ಯವಸ್ಥೆಯಲ್ಲಿ ರೋಗಿಯ ಹಕ್ಕು ಮತ್ತು ಕರ್ತವ್ಯಗಳೇನು ಎಂಬುದನ್ನು ಸಾರ್ವಜನಿಕರ ಅವಗಾಹನೆಗಾಗಿ ಈ ಕೆಳಗೆ ವಿವರಿಸಲಾಗಿದೆ.

2. ರೆಸಿಡೆಂಟ್ ವೈದ್ಯರೆಂದರೆ ಯಾರು?

ಆಸ್ಪತ್ರೆಯಲ್ಲಿ ಕಾಣುವ ಕಿರಿಯ ವೈದ್ಯರೆಲ್ಲರೂ ಒಂದೇ ಹಂತದವರಲ್ಲ. ಅವರನ್ನು ಮೂರು ವರ್ಗಗಳಾಗಿ ತಿಳಿಯಬಹುದು.

(ಅ) ವೈದ್ಯಕೀಯ ವಿದ್ಯಾರ್ಥಿ: ಎಂಬಿಬಿಎಸ್ ವ್ಯಾಸಂಗದ ನಾಲ್ಕೂವರೆ ವರ್ಷಗಳ ಅವಧಿಯಲ್ಲಿರುವವರು. ಇವರು ನೋಡಿ ಕಲಿಯುವವರೇ ಹೊರತು ಸ್ವತಂತ್ರವಾಗಿ ಔಷಧ ಬರೆಯುವವರಲ್ಲ.

(ಆ) ಇಂಟರ್ನ್: ಜನಸಾಮಾನ್ಯರು ಹೌಸ್ ಸರ್ಜನ್ ಎಂದು ಕರೆಯುವ ಇವರು ಅಂತಿಮ ಪರೀಕ್ಷೆಯಲ್ಲಿ ಉತ್ತೀರ್ಣರಾಗಿ, ಒಂದು ವರ್ಷದ ಕಡ್ಡಾಯ ತರಬೇತಿಯಲ್ಲಿರುತ್ತಾರೆ. ಇವರ ನೋಂದಣಿ ತಾತ್ಕಾಲಿಕವಾದುದು.

(ಇ) ರೆಸಿಡೆಂಟ್: ಎಂಬಿಬಿಎಸ್ ಹಾಗೂ ಇಂಟರ್ನ್‌ಶಿಪ್ ಎರಡನ್ನೂ ಮುಗಿಸಿ, ವೈದ್ಯಕೀಯ ಪರಿಷತ್ತಿನಲ್ಲಿ ವೈದ್ಯರೆಂದು ನೋಂದಣಿ ಪಡೆದು, ನಂತರ ಯಾವುದಾದರೊಂದು ವಿಭಾಗದಲ್ಲಿ ಸ್ನಾತಕೋತ್ತರ ವ್ಯಾಸಂಗ ಮಾಡುತ್ತಿರುವವರು.

ಆದ್ದರಿಂದ ರೆಸಿಡೆಂಟ್ ಎಂದರೆ ಅರ್ಧ ಕಲಿತ ವೈದ್ಯರೆಂದು ಅರ್ಥವಲ್ಲ. ಅವರು ವೈದ್ಯರಾಗಿದ್ದು, ತಜ್ಞರಾಗುವ ಹಾದಿಯಲ್ಲಿರುತ್ತಾರೆ. ಅವರು ನೀಡುವ ಚಿಕಿತ್ಸೆಯು ಸಂಬಂಧಪಟ್ಟ ಹಿರಿಯ ತಜ್ಞರ ಮೇಲ್ವಿಚಾರಣೆಗೆ ಒಳಪಟ್ಟಿರುತ್ತದೆ.

ವಿಜಯಪುರ ನಗರದಲ್ಲಿ ಎರಡು ವೈದ್ಯಕೀಯ ಮಹಾವಿದ್ಯಾಲಯಗಳಿವೆ. ಅಲ್-ಅಮೀನ್ ವೈದ್ಯಕೀಯ ಮಹಾವಿದ್ಯಾಲಯವು 1984ರಲ್ಲಿಯೂ, ಬಿ.ಎಲ್.ಡಿ.ಇ. ಸಂಸ್ಥೆಯ ಶ್ರೀ ಬಿ.ಎಂ. ಪಾಟೀಲ ವೈದ್ಯಕೀಯ ಮಹಾವಿದ್ಯಾಲಯವು 1986ರಲ್ಲಿಯೂ ಆರಂಭವಾದವು. ಎರಡನೆಯದು 2008ರಿಂದ ಡೀಮ್ಡ್ ವಿಶ್ವವಿದ್ಯಾಲಯದ ಭಾಗವಾಗಿದೆ. ಡೀಮ್ಡ್ ವಿಶ್ವವಿದ್ಯಾಲಯಗಳ ಸ್ನಾತಕೋತ್ತರ ಸೀಟುಗಳನ್ನು ಅಖಿಲ ಭಾರತ ಮಟ್ಟದ ಕೌನ್ಸೆಲಿಂಗ್ ಮೂಲಕ ತುಂಬಲಾಗುವುದರಿಂದ, ಹೊರ ರಾಜ್ಯಗಳ ವೈದ್ಯರೂ ಇಲ್ಲಿಗೆ ವ್ಯಾಸಂಗಕ್ಕೆ ಬರುತ್ತಾರೆ. ಅಂತಹವರಿಗೆ ಈ ಭಾಗದ ಮಾತು ಆರಂಭದಲ್ಲಿ ಹೊಸದು. "ಕೈಕಾಲು ಜೋಮು ಹಿಡಿದಾವು", "ಹೊಟ್ಟಿ ಕಡಿತೈತಿ" ಎಂಬ ಮಾತುಗಳ ಅರ್ಥವನ್ನು ಅವರು ರೋಗಿಗಳಿಂದಲೇ ಕಲಿಯಬೇಕಾಗುತ್ತದೆ. ಹೇಳಿದ್ದು ತಿಳಿಯಲಿಲ್ಲವೆಂದು ತೋರಿದರೆ ಸಾರ್ವಜನಿಕರು ಮತ್ತೊಮ್ಮೆ ಹೇಳತಕ್ಕದ್ದು. ಶುಶ್ರೂಷಕರ ನೆರವನ್ನೂ ಕೇಳಬಹುದು.

3. ಕುಟುಂಬ ವೈದ್ಯಶಾಸ್ತ್ರ ಎಂದರೇನು?

ಕಣ್ಣು, ಹೃದಯ, ಮೂಳೆ ಹೀಗೆ ದೇಹದ ಒಂದು ಭಾಗವನ್ನೋ, ಮಕ್ಕಳು ಅಥವಾ ಗರ್ಭಿಣಿಯರೆಂಬ ಒಂದು ವರ್ಗವನ್ನೋ ಆಧಾರವಾಗಿಟ್ಟುಕೊಂಡು ಇತರ ವಿಭಾಗಗಳು ರೂಪುಗೊಂಡಿವೆ. ಕುಟುಂಬ ವೈದ್ಯಶಾಸ್ತ್ರಕ್ಕೆ ಇಡೀ ಮನೆಯೇ ಆಧಾರ. ಹಸುಗೂಸಿನಿಂದ ಹಿಡಿದು ವೃದ್ಧರವರೆಗೆ ಮನೆಯ ಎಲ್ಲರ ಸಾಮಾನ್ಯ ಕಾಯಿಲೆಗಳಿಗೆ ಚಿಕಿತ್ಸೆ ನೀಡುವುದು, ದೀರ್ಘಕಾಲದ ಕಾಯಿಲೆಗಳನ್ನು ವರ್ಷಾನುವರ್ಷ ಹತೋಟಿಯಲ್ಲಿಡುವುದು, ಕಾಯಿಲೆ ಬಾರದಂತೆ ತಡೆಯುವುದು, ಅಗತ್ಯವಿದ್ದಾಗ ಸರಿಯಾದ ತಜ್ಞರ ಬಳಿಗೆ ಕಳುಹಿಸಿ ಮರಳಿ ಬಂದ ನಂತರ ಮುಂದುವರಿಸುವುದು ಇದರ ಕಾರ್ಯವ್ಯಾಪ್ತಿ.

ಇದನ್ನು ಸಮುದಾಯ ವೈದ್ಯಶಾಸ್ತ್ರದೊಂದಿಗೆ ಒಂದೇ ಎಂದು ತಿಳಿಯಬಾರದು. ಸಮುದಾಯ ವೈದ್ಯಶಾಸ್ತ್ರವು ಊರಿನ ನೀರು, ಲಸಿಕೆ, ಸಾಂಕ್ರಾಮಿಕ ರೋಗಗಳಂತಹ ಜನಸಮೂಹದ ಆರೋಗ್ಯವನ್ನು ಮುಖ್ಯವಾಗಿ ನೋಡುತ್ತದೆ. ಕುಟುಂಬ ವೈದ್ಯರು ಎದುರಿಗೆ ಕುಳಿತ ರೋಗಿಯನ್ನು ಆತನ ಮನೆ ಮತ್ತು ದುಡಿಮೆಯ ಸಮೇತ ನೋಡುತ್ತಾರೆ.

ಉದಾಹರಣೆಗೆ, ತಿಕೋಟಾ ಭಾಗದ ದ್ರಾಕ್ಷಿ ತೋಟದಲ್ಲಿ ಕೂಲಿ ಮಾಡುವ 45 ವರ್ಷದ ಮಹಿಳೆಯೊಬ್ಬರು ತಲೆನೋವೆಂದು ಆಸ್ಪತ್ರೆಗೆ ಬಂದರೆಂದು ಭಾವಿಸೋಣ. ರಕ್ತದೊತ್ತಡ ಹೆಚ್ಚಾಗಿದೆ, ಮಾತ್ರೆ ಬರೆದು ಕಳುಹಿಸಿದರೆ ಅಂದಿನ ಕೆಲಸ ಮುಗಿಯುತ್ತದೆ. ಕುಟುಂಬ ವೈದ್ಯಶಾಸ್ತ್ರದಲ್ಲಿ ತರಬೇತಿ ಪಡೆದವರು ಇನ್ನೂ ಕೆಲವು ಪ್ರಶ್ನೆಗಳನ್ನು ಕೇಳುತ್ತಾರೆ. ರೊಟ್ಟಿಯ ಜೊತೆ ದಿನವೂ ಉಪ್ಪಿನಕಾಯಿ ಇರುತ್ತದೆಯೇ? ತೋಟಕ್ಕೆ ಔಷಧ ಸಿಂಪಡಿಸಿದ ದಿನವೇ ತಲೆ ನೋಯುತ್ತದೆಯೇ? ಮನೆಯಲ್ಲಿ ಮತ್ತಾರಿಗಾದರೂ ಒತ್ತಡ, ಸಕ್ಕರೆ ಕಾಯಿಲೆ ಇದೆಯೇ? ಕಬ್ಬು ಕಡಿಯಲು ಹೊರ ಜಿಲ್ಲೆಗೋ ಮಹಾರಾಷ್ಟ್ರಕ್ಕೋ ಹೋಗುವುದುಂಟೇ? ಹೋದರೆ ಆ ತಿಂಗಳುಗಳಲ್ಲಿ ಮಾತ್ರೆ ಎಲ್ಲಿಂದ ಸಿಗುತ್ತದೆ?

ಕೊನೆಯ ಪ್ರಶ್ನೆಯನ್ನು ಕೇಳದೆ ಹೋದರೆ, ಮೊದಲ ತಿಂಗಳು ಕೊಟ್ಟ ಮಾತ್ರೆಯ ಪ್ರಯೋಜನ ಎರಡನೆಯ ತಿಂಗಳಿಗೆ ನಿಂತುಹೋಗುತ್ತದೆ. ರಕ್ತದೊತ್ತಡದ ಮಾತ್ರೆಯನ್ನು ನಡುವೆ ಬಿಟ್ಟವರಿಗೆ ನೋವು ಕಾಣದಿದ್ದರೂ ಒಳಗೆ ಹಾನಿ ಮುಂದುವರಿಯುತ್ತಲೇ ಇರುತ್ತದೆ. ಪಾರ್ಶ್ವವಾಯು ಬಡಿದ ಮೇಲೆ ಅದು ಮನೆಯವರಿಗೆ ತಿಳಿಯುತ್ತದೆ. ಇಂತಹ ಪ್ರಶ್ನೆಗಳನ್ನು ಕೇಳುವ ಅಭ್ಯಾಸವೇ ಈ ತರಬೇತಿಯ ತಿರುಳು.

4. ತರಬೇತಿಯ ಹಿನ್ನೆಲೆ

1946ರಲ್ಲಿ ವರದಿ ಸಲ್ಲಿಸಿದ ಭೋರ್ ಸಮಿತಿಯು, ಭಾರತದ ಗ್ರಾಮಗಳಿಗೆ ಸಮಾಜವನ್ನು ಅರಿತ ವೈದ್ಯರು ಬೇಕೆಂದೂ, ಅದಕ್ಕಾಗಿ ವೈದ್ಯ ವಿದ್ಯಾರ್ಥಿಗಳಿಗೆ ರೋಗತಡೆ ಮತ್ತು ಸಾಮಾಜಿಕ ವೈದ್ಯಶಾಸ್ತ್ರದಲ್ಲಿ ಮೂರು ತಿಂಗಳ ತರಬೇತಿ ನೀಡಬೇಕೆಂದೂ ಶಿಫಾರಸು ಮಾಡಿತ್ತು. ಬ್ರಿಟನ್ನಿನಲ್ಲಿ 1952ರಲ್ಲಿ ಸಾಮಾನ್ಯ ವೈದ್ಯರ ಕಾಲೇಜು ಸ್ಥಾಪನೆಯಾಯಿತು. ಅಮೆರಿಕದಲ್ಲಿ 1969ರಲ್ಲಿ ಕುಟುಂಬ ವೈದ್ಯಶಾಸ್ತ್ರವು ಪ್ರತ್ಯೇಕ ತಜ್ಞ ವಿಭಾಗವೆಂಬ ಮಾನ್ಯತೆ ಪಡೆಯಿತು.

ನಮ್ಮ ದೇಶದಲ್ಲಿ ರಾಷ್ಟ್ರೀಯ ಪರೀಕ್ಷಾ ಮಂಡಳಿಯು ಕುಟುಂಬ ವೈದ್ಯಶಾಸ್ತ್ರದಲ್ಲಿ ಡಿಎನ್‌ಬಿ ಎಂಬ ಮೂರು ವರ್ಷಗಳ ವ್ಯಾಸಂಗವನ್ನು ನಡೆಸುತ್ತಿದೆ. ಬೆಂಗಳೂರಿನ ಬ್ಯಾಪ್ಟಿಸ್ಟ್ ಆಸ್ಪತ್ರೆಯು ಈ ತರಬೇತಿಯನ್ನು ನೀಡುವ ಕರ್ನಾಟಕದ ಸಂಸ್ಥೆಗಳಲ್ಲಿ ಒಂದು. 2020ರಲ್ಲಿ ಇದೇ ಮಂಡಳಿಯು ಎಂಬಿಬಿಎಸ್ ನಂತರದ ಎರಡು ವರ್ಷಗಳ ಡಿಪ್ಲೊಮಾಗಳನ್ನು ಆರಂಭಿಸಿದಾಗ ಕುಟುಂಬ ವೈದ್ಯಶಾಸ್ತ್ರವೂ ಅವುಗಳಲ್ಲಿ ಸೇರಿತು. ಎಂ.ಡಿ. ಪದವಿಯ ವ್ಯಾಸಂಗಕ್ಕೆ ಕೇರಳದ ಕೋಯಿಕ್ಕೋಡ್ ಸರ್ಕಾರಿ ವೈದ್ಯಕೀಯ ಮಹಾವಿದ್ಯಾಲಯ ಮುಂಚೂಣಿಯಲ್ಲಿ ನಿಂತಿತು.

2002ರ ಮತ್ತು 2017ರ ರಾಷ್ಟ್ರೀಯ ಆರೋಗ್ಯ ನೀತಿಗಳೆರಡೂ ಈ ವಿಭಾಗದ ವಿಸ್ತರಣೆಗೆ ಒತ್ತು ನೀಡಿವೆ. 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಅಧಿನಿಯಮವು ಕುಟುಂಬ ವೈದ್ಯಶಾಸ್ತ್ರದ ಸ್ನಾತಕೋತ್ತರ ವ್ಯಾಸಂಗವನ್ನು ಪ್ರೋತ್ಸಾಹಿಸುವುದನ್ನು ಸ್ನಾತಕೋತ್ತರ ವೈದ್ಯಕೀಯ ಶಿಕ್ಷಣ ಮಂಡಳಿಯ ಕರ್ತವ್ಯಗಳಲ್ಲಿ ಒಂದಾಗಿ ಸೇರಿಸಿದೆ. ಆದಾಗ್ಯೂ ಇತರ ವಿಭಾಗಗಳಿಗೆ ಹೋಲಿಸಿದರೆ ಇದರ ಸೀಟುಗಳು ಇಂದಿಗೂ ಕಡಿಮೆ. ಆದಕಾರಣ ಕುಟುಂಬ ವೈದ್ಯಶಾಸ್ತ್ರದ ದೃಷ್ಟಿಯನ್ನು ಉಳಿದ ವಿಭಾಗಗಳ ರೆಸಿಡೆಂಟರಲ್ಲಿಯೂ ಬೆಳೆಸುವುದು ಅಗತ್ಯ. ಮುಂದೆ ವಿವರಿಸಿರುವ ಕಾರ್ಯಕ್ರಮವು ಅದಕ್ಕೆ ಅವಕಾಶ ಒದಗಿಸುತ್ತದೆ.

5. ಜಿಲ್ಲಾ ರೆಸಿಡೆನ್ಸಿ ಕಾರ್ಯಕ್ರಮ

2020ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ತಿದ್ದುಪಡಿಯ ಮೂಲಕ ಎಂ.ಡಿ. ಮತ್ತು ಎಂ.ಎಸ್. ವಿದ್ಯಾರ್ಥಿಗಳಿಗೆ ಜಿಲ್ಲಾ ರೆಸಿಡೆನ್ಸಿಯನ್ನು ಕಡ್ಡಾಯಗೊಳಿಸಲಾಯಿತು. ಸ್ನಾತಕೋತ್ತರ ವೈದ್ಯಕೀಯ ಶಿಕ್ಷಣ ವಿನಿಯಮಗಳು 2023ರಲ್ಲಿಯೂ ಇದನ್ನು ಮುಂದುವರಿಸಲಾಗಿದೆ. ಇದರ ಮುಖ್ಯಾಂಶಗಳು ಈ ಕೆಳಗಿನಂತಿವೆ:

1. ಸರ್ಕಾರಿ, ಖಾಸಗಿ, ಡೀಮ್ಡ್ ಎಂಬ ಭೇದವಿಲ್ಲದೆ ಪ್ರತಿ ಸ್ನಾತಕೋತ್ತರ ವಿದ್ಯಾರ್ಥಿಯು ಮೂರು ತಿಂಗಳು ಜಿಲ್ಲಾ ಆರೋಗ್ಯ ವ್ಯವಸ್ಥೆಯಲ್ಲಿ ಸೇವೆ ಸಲ್ಲಿಸಬೇಕು.

2. ಈ ಅವಧಿಯು ವ್ಯಾಸಂಗದ ಮೂರು, ನಾಲ್ಕು ಅಥವಾ ಐದನೆಯ ಸೆಮಿಸ್ಟರ್‌ನಲ್ಲಿ ಬರುತ್ತದೆ.

3. ಜಿಲ್ಲಾ ಆಸ್ಪತ್ರೆಯು ಮುಖ್ಯ ಕೇಂದ್ರವಾಗಿದ್ದು, ಜಿಲ್ಲೆಯ ಸಮುದಾಯ ಆರೋಗ್ಯ ಕೇಂದ್ರ, ಪ್ರಾಥಮಿಕ ಆರೋಗ್ಯ ಕೇಂದ್ರ, ಉಪಕೇಂದ್ರ ಹಾಗೂ ನಗರ ಆರೋಗ್ಯ ಕೇಂದ್ರಗಳೂ ಈ ವ್ಯವಸ್ಥೆಯ ಅಂಗಗಳಾಗಿವೆ.

4. ಹೊರರೋಗಿ, ಒಳರೋಗಿ ಮತ್ತು ತುರ್ತು ಚಿಕಿತ್ಸಾ ವಿಭಾಗಗಳಲ್ಲಿ ರಾತ್ರಿ ಪಾಳಿಯೂ ಸೇರಿದಂತೆ, ಜಿಲ್ಲೆಯ ತಜ್ಞರ ಮೇಲ್ವಿಚಾರಣೆಯಲ್ಲಿ ರೆಸಿಡೆಂಟರು ಕೆಲಸ ಮಾಡುತ್ತಾರೆ.

5. ಈ ಅವಧಿಯ ಶಿಷ್ಯವೇತನವನ್ನು ಅವರ ಮಹಾವಿದ್ಯಾಲಯವೇ ನೀಡುತ್ತದೆ. ಈ ಬಾಬ್ತು ರೋಗಿಗಳಿಂದ ಯಾವುದೇ ಶುಲ್ಕವಿಲ್ಲ.

6. ಈ ಸೇವೆಯನ್ನು ತೃಪ್ತಿಕರವಾಗಿ ಪೂರೈಸಿದವರಿಗೆ ಮಾತ್ರ ಅಂತಿಮ ಪರೀಕ್ಷೆಗೆ ಕುಳಿತುಕೊಳ್ಳಲು ಅವಕಾಶವಿದೆ.

ಈ ಕಾರ್ಯಕ್ರಮ ಕುಟುಂಬ ವೈದ್ಯಶಾಸ್ತ್ರದ ಪದವಿಯಲ್ಲ. ಆದರೆ ಶಸ್ತ್ರಚಿಕಿತ್ಸೆಯನ್ನೋ ಮಕ್ಕಳ ವೈದ್ಯಶಾಸ್ತ್ರವನ್ನೋ ಆಯ್ದುಕೊಂಡ ವೈದ್ಯರೂ ರೋಗಿ ಬಂದ ಊರನ್ನು, ಆ ಊರಿನ ಆಶಾ ಕಾರ್ಯಕರ್ತೆಯನ್ನು, ಔಷಧ ಮುಗಿದಾಗ ಆಗುವ ತೊಂದರೆಯನ್ನು ಹತ್ತಿರದಿಂದ ಕಾಣುವ ಅವಕಾಶವನ್ನು ಇದು ಒದಗಿಸುತ್ತದೆ.

6. ತಾಲ್ಲೂಕು ಮಟ್ಟದ ತರಬೇತಿ ಏಕೆ ಅಗತ್ಯ?

2011ರ ಜನಗಣತಿಯ ಪ್ರಕಾರ ಜಿಲ್ಲೆಯ ಜನಸಂಖ್ಯೆ 21,77,331. ಇದರಲ್ಲಿ ಸುಮಾರು ಶೇ. 77ರಷ್ಟು ಗ್ರಾಮೀಣರು. ತಿಕೋಟಾ ಮತ್ತು ಬಬಲೇಶ್ವರ ಹಿಂದೆ ವಿಜಯಪುರ ತಾಲ್ಲೂಕಿನಲ್ಲಿದ್ದು, 2017-18ನೇ ಸಾಲಿನ ಆಯವ್ಯಯದಲ್ಲಿ ಘೋಷಣೆಯಾದ ಹೊಸ ತಾಲ್ಲೂಕುಗಳ ಸಾಲಿಗೆ ಸೇರಿದವು. ಎರಡೂ ಪಟ್ಟಣಗಳು ನಗರದಿಂದ ಸುಮಾರು 20ರಿಂದ 25 ಕಿ.ಮೀ. ದೂರದಲ್ಲಿವೆ.

ಈ ಅಂತರವು ನಕ್ಷೆಯಲ್ಲಿ ಅಲ್ಪವೆಂದು ತೋರಬಹುದು. ಆದರೆ ಕೂಲಿಕಾರ ಕುಟುಂಬದ ಲೆಕ್ಕದಲ್ಲಿ ಅದು ಅಲ್ಪವಲ್ಲ. ಒಬ್ಬ ರೋಗಿ ನಗರಕ್ಕೆ ಹೋದರೆ ರೋಗಿಯ ಒಂದು ದಿನದ ಕೂಲಿ, ಜೊತೆಗೆ ಹೋದವರ ಒಂದು ದಿನದ ಕೂಲಿ, ಊಟ ಹಾಗೂ ಪ್ರಯಾಣದ ವೆಚ್ಚ ಸೇರುತ್ತವೆ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ಮಹಿಳೆಯರ ಬಸ್ ದರ ಉಳಿಯುತ್ತದೆಯಾದರೂ ಆ ದಿನದ ಕೂಲಿ ಉಳಿಯುವುದಿಲ್ಲ. ಸಕ್ಕರೆ ಕಾಯಿಲೆ, ರಕ್ತದೊತ್ತಡದಂತಹವುಗಳಿಗೆ ತಿಂಗಳಿಗೊಮ್ಮೆ ಈ ವೆಚ್ಚ ಮಾಡಬೇಕಾಗಿ ಬಂದಾಗ, ಬಹಳ ಮಂದಿ ಚಿಕಿತ್ಸೆಯನ್ನೇ ಬಿಡುತ್ತಾರೆ. ಹತ್ತಿರದಲ್ಲಿಯೇ ನಂಬಿಕೆಗೆ ಅರ್ಹವಾದ ಚಿಕಿತ್ಸೆ ದೊರೆತರೆ ಈ ನಷ್ಟ ತಪ್ಪುತ್ತದೆ.

ಹಾವು ಕಡಿತವು ಇನ್ನೊಂದು ನಿದರ್ಶನ. ಕರ್ನಾಟಕ ಸರ್ಕಾರವು 2024ರ ಫೆಬ್ರವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿದೆ. ಹೊಲದಲ್ಲಿ ಹಾವು ಕಡಿದವರಿಗೆ ಪ್ರತಿ ನಿಮಿಷವೂ ಮುಖ್ಯ. ಕಡಿದ ಜಾಗವನ್ನು ಕೊಯ್ಯುವುದು, ರಕ್ತ ಹೀರುವುದು, ಬಿಗಿಯಾಗಿ ಹಗ್ಗ ಕಟ್ಟುವುದು ಅಪಾಯಕಾರಿ. ಕೈ ಅಥವಾ ಕಾಲನ್ನು ಅಲುಗಾಡಿಸದೆ, ವಿಷನಿರೋಧಕ ಚುಚ್ಚುಮದ್ದು ಲಭ್ಯವಿರುವ ಅತಿ ಹತ್ತಿರದ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು. ಈ ಪರಿಸ್ಥಿತಿಯನ್ನು ನಿಭಾಯಿಸುವ ಧೈರ್ಯ ಮತ್ತು ತಿಳಿವಳಿಕೆ ಕಿರಿಯ ವೈದ್ಯರಿಗೆ ಬರಬೇಕಾದರೆ, ಇಂತಹ ಪ್ರಕರಣಗಳು ಮೊದಲು ಬರುವ ಜಾಗದಲ್ಲಿಯೇ ಅವರು ಕಲಿಯಬೇಕು.

ರೋಗಿಗಳೆಲ್ಲರೂ ತಾಲ್ಲೂಕು ಕೇಂದ್ರವನ್ನು ದಾಟಿ ನಗರಕ್ಕೆ ಹೋದಲ್ಲಿ ತಾಲ್ಲೂಕಿನಲ್ಲಿ ಕಲಿಯಲು ಏನೂ ಉಳಿಯುವುದಿಲ್ಲ. ಹಾಗೆ ಕಲಿಯದೆ ಹೋದ ವೈದ್ಯರು ಮುಂದೆ ತಾಲ್ಲೂಕಿನಲ್ಲಿ ನೆಲೆಸಲು ಮನಸ್ಸು ಮಾಡುವುದೂ ಕಷ್ಟ. ಆದ್ದರಿಂದ ಹತ್ತಿರದ ಆಸ್ಪತ್ರೆಯನ್ನು ಬಳಸುವ ಪ್ರತಿಯೊಬ್ಬರೂ ತಮ್ಮ ಚಿಕಿತ್ಸೆಯ ಜೊತೆಗೆ ಮುಂದಿನ ವೈದ್ಯರ ತರಬೇತಿಗೂ ನೆರವಾಗುತ್ತಾರೆ.

7. ವೈದ್ಯರು ಬದಲಾದರೂ ದಾಖಲೆ ಉಳಿಯಬೇಕು

ಜಿಲ್ಲಾ ರೆಸಿಡೆಂಟರು ಮೂರು ತಿಂಗಳ ನಂತರ ಮರಳುತ್ತಾರೆ. ಅವರ ಸ್ಥಾನಕ್ಕೆ ಬೇರೆಯವರು ಬರುತ್ತಾರೆ. ಒಬ್ಬರೇ ವೈದ್ಯರು ಕುಟುಂಬವನ್ನು ವರ್ಷಗಟ್ಟಲೆ ನೋಡುವುದು ಕುಟುಂಬ ವೈದ್ಯಶಾಸ್ತ್ರದ ಆದರ್ಶ. ವೈದ್ಯರು ಬದಲಾಗುವ ಕಡೆ ಆ ಆದರ್ಶವನ್ನು ದಾಖಲೆಯ ಮೂಲಕ ಮಾತ್ರ ಕಾಪಾಡಿಕೊಳ್ಳಲು ಸಾಧ್ಯ. ಲೆಕ್ಕದ ಪುಸ್ತಕದಲ್ಲಿ ಹಿಂದಿನ ಪುಟದ ಶಿಲ್ಕನ್ನು ಮುಂದಿನ ಪುಟಕ್ಕೆ ತಂದು ಬರೆಯದಿದ್ದರೆ ಲೆಕ್ಕವೇ ತಪ್ಪುವಂತೆ, ಹಿಂದಿನ ಚಿಕಿತ್ಸೆಯ ವಿವರವಿಲ್ಲದಿದ್ದರೆ ಹೊಸ ವೈದ್ಯರು ಎಲ್ಲವನ್ನೂ ಮೊದಲಿನಿಂದ ಆರಂಭಿಸಬೇಕಾಗುತ್ತದೆ. ಆದ್ದರಿಂದ ಸಾರ್ವಜನಿಕರು ಈ ಕೆಳಗಿನವುಗಳನ್ನು ಪಾಲಿಸಲು ಕೋರಲಾಗಿದೆ:

- ಹೊರರೋಗಿ ಚೀಟಿ, ರಕ್ತ ಪರೀಕ್ಷೆಯ ವರದಿ, ಎಕ್ಸ್-ರೇ ಮತ್ತು ಬಿಡುಗಡೆ ಸಾರಾಂಶಗಳನ್ನು ಒಂದೇ ಚೀಲದಲ್ಲಿಟ್ಟು, ಪ್ರತಿ ಭೇಟಿಯಲ್ಲಿಯೂ ತರತಕ್ಕದ್ದು.
- ಸೇವಿಸುತ್ತಿರುವ ಮಾತ್ರೆಗಳ ಖಾಲಿ ಪಟ್ಟಿಯನ್ನು ಎಸೆಯದೆ ತೋರಿಸತಕ್ಕದ್ದು. ನಾಟಿ ಔಷಧ ಸೇವಿಸುತ್ತಿದ್ದರೆ ಅದನ್ನೂ ಸಂಕೋಚವಿಲ್ಲದೆ ತಿಳಿಸತಕ್ಕದ್ದು.
- ದುಡಿಮೆಗಾಗಿ ಗೋವಾ, ಮಹಾರಾಷ್ಟ್ರ ಮುಂತಾದೆಡೆ ಹೋಗುವವರು ಹೊರಡುವ ಮೊದಲು ಆಸ್ಪತ್ರೆಗೆ ಬಂದು, ಔಷಧದ ಜೆನೆರಿಕ್ ಹೆಸರು ಮತ್ತು ಪ್ರಮಾಣವನ್ನು ಬರೆಸಿಕೊಳ್ಳುವುದು ಒಳ್ಳೆಯದು. ಅಂತಹ ಚೀಟಿಯಿದ್ದರೆ ಬೇರೆ ರಾಜ್ಯದ ಆಸ್ಪತ್ರೆಯಲ್ಲಿಯೂ ಅದೇ ಚಿಕಿತ್ಸೆ ಮುಂದುವರಿಸಲು ಅನುಕೂಲ.
- 14 ಅಂಕಿಗಳ ಆಭಾ ಆರೋಗ್ಯ ಸಂಖ್ಯೆಯನ್ನು ಪಡೆಯಬಹುದು. ಇದು ಐಚ್ಛಿಕ.

8. ರೋಗಿಯ ಹಕ್ಕುಗಳು

ತರಬೇತಿಯ ಹೆಸರಿನಲ್ಲಿ ರೋಗಿಯ ಹಕ್ಕಿಗೆ ಚ್ಯುತಿ ಬರುವಂತಿಲ್ಲ. ವೈದ್ಯರ ವೃತ್ತಿ ನಡತೆಯನ್ನು ಕುರಿತ 2002ರ ವಿನಿಯಮಗಳು ಹಾಗೂ ಸಾಮಾನ್ಯ ವೈದ್ಯಕೀಯ ನೀತಿಯ ಪ್ರಕಾರ:

1. ಪರೀಕ್ಷಿಸುವ ವೈದ್ಯರ ಹೆಸರು ಮತ್ತು ಅವರು ಯಾವ ಹಂತದವರು ಎಂಬುದನ್ನು ಕೇಳಿ ತಿಳಿಯಬಹುದು. ವೈದ್ಯರು ಚೀಟಿಯಲ್ಲಿ ನೋಂದಣಿ ಸಂಖ್ಯೆಯನ್ನು ನಮೂದಿಸಬೇಕು.

2. ಶಸ್ತ್ರಚಿಕಿತ್ಸೆಗೆ ಮುನ್ನ ರೋಗಿಯ ಲಿಖಿತ ಒಪ್ಪಿಗೆ ಅಗತ್ಯ. ಅಪ್ರಾಪ್ತ ವಯಸ್ಕರಾಗಿದ್ದಲ್ಲಿ ಪೋಷಕರ ಒಪ್ಪಿಗೆ ಬೇಕು. ಒಪ್ಪಿಗೆ ಪತ್ರದಲ್ಲಿರುವುದನ್ನು ಅರ್ಥವಾಗುವ ಭಾಷೆಯಲ್ಲಿ ವಿವರಿಸುವಂತೆ ಕೇಳುವುದು ರೋಗಿಯ ಹಕ್ಕು.

3. ಔಷಧದ ಜೆನೆರಿಕ್ ಹೆಸರನ್ನು ಓದಲು ಬರುವಂತೆ, ಸಾಧ್ಯವಾದಷ್ಟು ದೊಡ್ಡ ಅಕ್ಷರಗಳಲ್ಲಿ ಬರೆಯಬೇಕೆಂದು 2016ರ ತಿದ್ದುಪಡಿ ಹೇಳುತ್ತದೆ.

4. ಒಳರೋಗಿಯ ದಾಖಲೆಗಳನ್ನು ಮೂರು ವರ್ಷ ಕಾಯ್ದಿಡಬೇಕು. ರೋಗಿ ಅಥವಾ ಅಧಿಕೃತ ಪ್ರತಿನಿಧಿ ಕೇಳಿದಲ್ಲಿ 72 ಗಂಟೆಗಳೊಳಗೆ ನೀಡಬೇಕು. ಇದಕ್ಕಾಗಿ ಆಸ್ಪತ್ರೆಗೆ ಲಿಖಿತ ಅರ್ಜಿ ಸಲ್ಲಿಸಿ ಸ್ವೀಕೃತಿ ಪಡೆಯುವುದು ಸೂಕ್ತ.

5. ಬೋಧನೆಗಾಗಿ ಹಲವರು ಒಟ್ಟಿಗೆ ಪರೀಕ್ಷಿಸುವುದು ರೋಗಿಗೆ ಮುಜುಗರವೆನಿಸಿದರೆ ಅದನ್ನು ನಿರಾಕರಿಸಬಹುದು. ಈ ಕಾರಣಕ್ಕಾಗಿ ಚಿಕಿತ್ಸೆಯನ್ನು ತಡೆಯುವಂತಿಲ್ಲ.

9. ಮೇಲಿನ ಆಸ್ಪತ್ರೆಗೆ ಕಳುಹಿಸುವ ಕ್ರಮ

ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವಾರ್ಷಿಕ 5 ಲಕ್ಷ ರೂ.ಗಳವರೆಗೆ ಚಿಕಿತ್ಸಾ ಸೌಲಭ್ಯವಿದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ರಷ್ಟು, ವಾರ್ಷಿಕ 1.5 ಲಕ್ಷ ರೂ.ಗಳ ಮಿತಿಗೊಳಪಟ್ಟು ಲಭ್ಯವಿದೆ. ಸರ್ಕಾರಿ ಆಸ್ಪತ್ರೆಯಲ್ಲಿ ಲಭ್ಯವಿಲ್ಲದ ಚಿಕಿತ್ಸೆಗೆ ನೋಂದಾಯಿತ ಖಾಸಗಿ ಆಸ್ಪತ್ರೆಗೆ ಹೋಗಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕು. ತುರ್ತು ಸಂದರ್ಭಗಳಲ್ಲಿ ಇದರಿಂದ ವಿನಾಯಿತಿ ಇದೆ. ಆಧಾರ್ ಮತ್ತು ಪಡಿತರ ಚೀಟಿಯನ್ನು ತಪ್ಪದೆ ತರತಕ್ಕದ್ದು.

ನೇರವಾಗಿ ನಗರಕ್ಕೆ ಹೋಗಿ, ಅಲ್ಲಿ ರೆಫರಲ್ ಕೇಳಿದಾಗ ಮರಳಿ ಬರುವ ಅಲೆದಾಟವನ್ನು ತಪ್ಪಿಸಲು, ತುರ್ತಲ್ಲದ ಸಂದರ್ಭಗಳಲ್ಲಿ ಮೊದಲು ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸುವುದು ಲಾಭದಾಯಕ. ಆದರೆ ಎದೆನೋವು, ಮುಖ ಅಥವಾ ಕೈಕಾಲು ದಿಢೀರನೆ ಸೋಲುವುದು, ಹೆರಿಗೆಯಲ್ಲಿ ಅತಿಯಾದ ರಕ್ತಸ್ರಾವ, ಕೀಟನಾಶಕ ಸೇವನೆ, ಪ್ರಜ್ಞೆ ತಪ್ಪುವುದು ಇವುಗಳಲ್ಲಿ ಯಾವುದೇ ಕಾಗದಕ್ಕಾಗಿ ಕಾಯದೆ ಕೂಡಲೇ 108ಕ್ಕೆ ಕರೆ ಮಾಡತಕ್ಕದ್ದು.

10. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ರೆಸಿಡೆಂಟ್ ವೈದ್ಯರು ನೀಡಿದ ರೆಫರಲ್ ಪತ್ರ ಊರ್ಜಿತವೇ?
ಉತ್ತರ: ಆಸ್ಪತ್ರೆಯ ಅಧಿಕೃತ ನಮೂನೆಯಲ್ಲಿದ್ದು, ಅಧಿಕಾರವುಳ್ಳ ವೈದ್ಯಾಧಿಕಾರಿಯ ಸಹಿ ಮತ್ತು ಮೊಹರು ಇದೆಯೇ ಎಂಬುದನ್ನು ಅಲ್ಲಿಯೇ ಖಚಿತಪಡಿಸಿಕೊಂಡು ಹೊರಡತಕ್ಕದ್ದು.

ಪ್ರಶ್ನೆ: ಹಿರಿಯ ವೈದ್ಯರನ್ನೇ ಕಾಣಬೇಕೆಂದು ಕೇಳಬಹುದೇ?
ಉತ್ತರ: ಕೇಳಬಹುದು. ಕಾಯಿಲೆ ವಾಸಿಯಾಗದಿದ್ದಲ್ಲಿ ಅಥವಾ ಸಂದೇಹವಿದ್ದಲ್ಲಿ ಕೇಳುವುದೇ ಸರಿ. ಹಿರಿಯರು ಬೇರೆ ರೋಗಿಯ ಚಿಕಿತ್ಸೆಯಲ್ಲಿದ್ದರೆ ಕಾಯಬೇಕಾಗಬಹುದು.

ಪ್ರಶ್ನೆ: ರೆಸಿಡೆಂಟರು ಬಹಳ ಪ್ರಶ್ನೆ ಕೇಳುತ್ತಾರೆ, ಮನೆಯ ವಿಷಯವನ್ನೂ ಕೇಳುತ್ತಾರೆ. ಏಕೆ?
ಉತ್ತರ: ಊಟ, ದುಡಿಮೆ, ಮನೆಯವರ ಕಾಯಿಲೆ ಇವುಗಳಿಂದ ರೋಗದ ಕಾರಣ ತಿಳಿಯುತ್ತದೆ. ವೈದ್ಯರಿಗೆ ಹೇಳಿದ ವಿಷಯವನ್ನು ಗೋಪ್ಯವಾಗಿಡುವುದು ಅವರ ಕರ್ತವ್ಯ.

ಪ್ರಶ್ನೆ: ದೂರುಗಳಿದ್ದಲ್ಲಿ ಯಾರಿಗೆ ಸಲ್ಲಿಸಬೇಕು?
ಉತ್ತರ: ಮೊದಲಿಗೆ ಆಸ್ಪತ್ರೆಯ ಆಡಳಿತ ವೈದ್ಯಾಧಿಕಾರಿಗೆ, ನಂತರ ಜಿಲ್ಲಾ ಆಸ್ಪತ್ರೆಗೆ ಸಂಬಂಧಿಸಿದ್ದಲ್ಲಿ ಜಿಲ್ಲಾ ಶಸ್ತ್ರಚಿಕಿತ್ಸಕರಿಗೆ, ಇತರ ಕೇಂದ್ರಗಳಿಗೆ ಸಂಬಂಧಿಸಿದ್ದಲ್ಲಿ ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಅಧಿಕಾರಿಗೆ ಲಿಖಿತವಾಗಿ ಸಲ್ಲಿಸಬಹುದು. ದಿನಾಂಕ, ಸಮಯ ಮತ್ತು ಹೊರರೋಗಿ ಚೀಟಿಯ ಸಂಖ್ಯೆಯನ್ನು ನಮೂದಿಸತಕ್ಕದ್ದು.

11. ವಿನಂತಿ

ರೆಸಿಡೆಂಟ್ ವೈದ್ಯರು ತರಬೇತಿ ಮುಗಿಸಿ ಎಲ್ಲಿಗಾದರೂ ಹೋಗಬಹುದು. ಆದರೆ ತಿಕೋಟಾ, ಬಬಲೇಶ್ವರದಂತಹ ಊರುಗಳ ರೋಗಿಗಳಿಂದ ಕಲಿತದ್ದು ಅವರೊಂದಿಗೆ ಹೋಗುತ್ತದೆ. ಸಾರ್ವಜನಿಕರು ತಮ್ಮ ದಾಖಲೆಗಳೊಂದಿಗೆ ಬಂದು, ಕೇಳಿದ್ದಕ್ಕೆ ಪೂರ್ಣ ಉತ್ತರ ನೀಡಿ, ತಿಳಿಯದ್ದನ್ನು ಕೇಳಿ, ಹೇಳಿದ ದಿನ ಮರಳಿ ಬಂದು ಸಹಕರಿಸಬೇಕೆಂದು ಕೋರಲಾಗಿದೆ.

ಹೆಚ್ಚಿನ ಮಾಹಿತಿಯನ್ನು ಸಮೀಪದ ಪ್ರಾಥಮಿಕ ಅಥವಾ ಸಮುದಾಯ ಆರೋಗ್ಯ ಕೇಂದ್ರ, ಜಿಲ್ಲಾ ಆಸ್ಪತ್ರೆ ಹಾಗೂ ವಿಜಯಪುರದ ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಅಧಿಕಾರಿಗಳ ಕಛೇರಿಯಲ್ಲಿ ಕೆಲಸದ ವೇಳೆಯಲ್ಲಿ ಪಡೆಯಬಹುದು.

ಶಾಖಾಧಿಕಾರಿ